ಮತ್ತೆಂತ ವಿಶೇಷ?

ನಮ್ಮ ಮಂಗಳೂರಿನಲ್ಲಿ ಗುರುತಿನವರು ಇಬ್ಬರು ದಾರಿಯಲ್ಲಿ ಸಿಕ್ಕಿದರೆ ಮೊದಲ ಮಾತೇ "ಮತ್ತೆಂತ ವಿಶೇಷ?" ಅಂತ. ತುಳುವಿನಲ್ಲಾದರೆ "ಬೊಕ್ಕ ದಾನೆ ವಿಶೇಷ?" ಉತ್ತರವೂ ಹೆಚ್ಚುಕಡಿಮೆ ಒಂದೇ. "ಎಂತ ಇಲ್ಲ ಮಾರಾಯ್ರೆ." ಎಂತ ಇಲ್ಲ ಅಂದ ಮೇಲೂ ಹತ್ತು ನಿಮಿಷ ಅಲ್ಲೇ ನಿಲ್ಲುತ್ತಾರೆ. ಯಾರ ಮನೆಯ ತೆಂಗಿನ ಮರ ಬಿತ್ತು, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂತು, ತುಂಬೆ ಡ್ಯಾಮಿನಲ್ಲಿ ಎಷ್ಟು ಮೀಟರ್ ನೀರುಂಟು, ಈ ಸಲ ದೈವದ ನೇಮೋತ್ಸವ ಯಾವಾಗ, ಎಲ್ಲ ಆ ಹತ್ತು ನಿಮಿಷದಲ್ಲಿ ಬಂದು ಹೋಗುತ್ತದೆ. ಪೇಪರಿನಲ್ಲಿ ಬರುವುದಕ್ಕೆ ನಾವು ಸುದ್ದಿ ಅನ್ನುತ್ತೇವೆ. ಓಣಿಯಲ್ಲಿ ಸಿಗುವುದಕ್ಕೆ ವಿಶೇಷ ಅನ್ನುತ್ತೇವೆ.

ಇನ್ನೊಂದು ಮಾತುಂಟು. ಹೇಳಿಕೆ. ಪೇಪರಿನಲ್ಲಿ ಹೇಳಿಕೆ ಅಂದರೆ ಮಂತ್ರಿಗಳು, ಅಧಿಕಾರಿಗಳು ಕೊಡುವುದು. ನಮ್ಮ ಕಡೆ ಮನೆಗಳಲ್ಲಿ ಹೇಳಿಕೆ ಅಂದರೆ ಆಮಂತ್ರಣ. "ನಿಮಗೆ ಮದುವೆಗೆ ಹೇಳಿಕೆ ಆಗಿದೆಯಾ?" "ಅವರು ಮನೆಗೆ ಬಂದು ಹೇಳಿಕೆ ಮಾಡಿ ಹೋಗಿದ್ದಾರೆ, ಹೋಗದಿದ್ದರೆ ಹೇಗೆ?" ಹೀಗೆ. ಹೇಳುವುದು, ಕರೆಯುವುದು ಎರಡೂ ನಮ್ಮಲ್ಲಿ ಒಂದೇ ಮಾತು. ಹುಟ್ಟಿದಾಗಿನಿಂದ ಬಾಯಲ್ಲಿರುವ ಈ ಮಾತನ್ನು ನಾನು ಕಿವಿಗೊಟ್ಟು ಕೇಳಿಸಿಕೊಂಡದ್ದು ಹೋದ ವರ್ಷ. ಅದರ ಹಿಂದೆ ಒಂದು ಸಾವು ಇದೆ. ಅದಕ್ಕೆ ಬರುತ್ತೇನೆ.

ನಮ್ಮ ಓಣಿ ಇರುವುದು ಉರ್ವ ಮಾರಿಗುಡಿಗೂ ಬೋಳೂರಿನ ಸುಲ್ತಾನ್ ಬತ್ತೇರಿಗೂ ನಡುವೆ. ಬತ್ತೇರಿ ಅಂದರೆ ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ ಕಾವಲು ಗೋಪುರ. ಅದರ ಕೆಳಗೆ ಗುರುಪುರ ಹೊಳೆ, ಹೊಳೆಯಾಚೆ ತಣ್ಣೀರುಬಾವಿ, ಅದರಾಚೆ ಕಡಲು. ಹೊರಗಿನವರು ಗೋಪುರ ನೋಡಲು, ದೋಣಿ ಹತ್ತಿ ಆಚೆ ಬೀಚಿಗೆ ಹೋಗಲು ಬರುತ್ತಾರೆ. ನಮಗೆ ಅದು ಸಂಜೆ ಗಾಳಿಗೆ ನಿಲ್ಲುವ ಜಾಗ. ಓಣಿಯಲ್ಲಿ ಮೊಗವೀರರ ಮನೆ ಇದೆ, ಬಿಲ್ಲವರದ್ದು ಇದೆ, ಕೊಂಕಣಿ ಮಾತಾಡುವವರದ್ದು ಇದೆ, ಬ್ಯಾರಿಗಳದ್ದು ಇದೆ. ನಾಲ್ಕು ಭಾಷೆ ಒಂದೇ ಬಾಯಲ್ಲಿ ಇಲ್ಲಿ ಯಾರಿಗೂ ವಿಶೇಷವಲ್ಲ.

ನಾವು ಮಕ್ಕಳಾಗಿದ್ದಾಗ ಊರಿನ ವಿಶೇಷ ಕಿವಿಯಿಂದ ಬರುತ್ತಿತ್ತು. ಗರ್ನಾಲು ಪಟಾಕಿ ಸಿಡಿದರೆ ಎಲ್ಲೋ ನೇಮ, ದೈವದ ಭಂಡಾರ ಹೊರಟಿತು ಅಂತ ಲೆಕ್ಕ. ತಾಸೆ ವಾದ್ಯದ ಬಡಿತ ಕೇಳಿದರೆ ನವರಾತ್ರಿ ಬಂತು, ಹುಲಿವೇಷ ಬಂತು. ಅನ್ನದ ಬಟ್ಟಲು ಬಿಟ್ಟು ಗೇಟಿಗೆ ಓಡುತ್ತಿದ್ದೆವು. ಯಕ್ಷಗಾನ ಆಟ ಇದ್ದರೆ ಮಧ್ಯಾಹ್ನವೇ ಮೈಕ್ ಕಟ್ಟಿದ ಜೀಪು ಬರುತ್ತಿತ್ತು, ಅದರ ಹಿಂದೆ ಓಡಿದರೆ ಬಣ್ಣದ ನೋಟಿಸು ಸಿಗುತ್ತಿತ್ತು. ಚರ್ಚಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ, ಒಂದೊಂದೇ ಪೆಟ್ಟಾಗಿ, ನಡುನಡುವೆ ತುಂಬ ಹೊತ್ತು ಬಿಟ್ಟು ಕೇಳಿದರೆ ಅಮ್ಮ ಕೈಯ ಕೆಲಸ ನಿಲ್ಲಿಸುತ್ತಿದ್ದರು. "ಯಾರೋ ಹೋದ್ರು." ಎದುರು ಮನೆಯ ಬಾಯಿ ಗೇಟಿನ ಹತ್ತಿರ ಬಂದು ಯಾರು ಅಂತ ಹೇಳುತ್ತಿದ್ದರು. ಬಾಯಿ ಅಂದರೆ ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಅದೇ ಬಾಯಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದ ಹೊಸ ತೆನೆಯ ಹಬ್ಬದ ದಿನ, ಕಂಪೌಂಡಿನ ಮೇಲಿಂದ ನಮಗೊಂದು ಕಬ್ಬಿನ ತುಂಡು ಕೊಡುತ್ತಿದ್ದರು. ಅದಕ್ಕೆ ಮುಂಚಿನ ಒಂಬತ್ತು ದಿನ ಅವರ ಮಕ್ಕಳು ಹೂ ಕೇಳಿಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದರು. ನಮ್ಮ ದಾಸವಾಳ ಅಷ್ಟೂ ದಿನ ಮಾತೆ ಮರಿಯಮ್ಮನಿಗೇ.

ಇನ್ನು ಮೀನಿನ ಅಕ್ಕ. ಮೀನುಗಾರಿಕೆ ಬಂದರಿನ ಧಕ್ಕೆಯಿಂದ ಮೀನು ತಂದು ಬೆಳಿಗ್ಗೆ ಎಂಟೂವರೆಗೆ ನಮ್ಮ ಓಣಿಗೆ ಬರುತ್ತಿದ್ದರು. ನನಗೆ ನೆನಪಿರುವಾಗಿಂದ ತಲೆಯ ಮೇಲೆ ಬುಟ್ಟಿ, ಆಮೇಲಾಮೇಲೆ ಅಲ್ಯುಮಿನಿಯಂ ಪಾತ್ರೆ. ನಮ್ಮ ಜಗಲಿಯ ಮೆಟ್ಟಿಲಲ್ಲಿ ಇಳಿಸಿ, ಸೆರಗಿನಿಂದ ಮುಖ ಒರೆಸಿ, ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿ ತೋರಿಸುತ್ತಿದ್ದರು. ಒಳಗೆ ಕೆಂಪು ಕೆಂಪು. "ನೋಡಿ ಅಕ್ಕ, ಈಗ ಬಂದದ್ದು." ಅಮ್ಮ ಚೌಕಾಶಿ ಮಾಡುತ್ತಿದ್ದರು, ಅವರು ಕೊಡುತ್ತಿರಲಿಲ್ಲ, ಕಡೆಗೆ ನಾಲ್ಕು ಬೂತಾಯಿ ಜಾಸ್ತಿ ಹಾಕಿ ಮುಗಿಸುತ್ತಿದ್ದರು. ಅಷ್ಟರಲ್ಲಿ ಓಣಿಯ ವಿಶೇಷವೆಲ್ಲ ಆಗಿರುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಾಡದೋಣಿಯವರು ತಂದದ್ದು ಅಥವಾ ಒಣಮೀನು. ಮೀನು ಕಮ್ಮಿಯಾದ ಆ ಎರಡು ತಿಂಗಳು ಅಕ್ಕ ಕೂತು ಮಾತಾಡುವುದು ಜಾಸ್ತಿ. ಅಮ್ಮ ಚಾ ಕೊಡುತ್ತಿದ್ದರು.

ಒಂದು ದಿನ ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. ಅಮ್ಮ ತೀರಿಕೊಂಡ ಮೇಲಿನ ಮಾತು, ಹಾಗಾಗಿ ಚೌಕಾಶಿ ನನ್ನದೇ. ಮೀನು ತೂಗುತ್ತಾ, ಮುಖ ಎತ್ತದೆ ಹೇಳಿದರು: "ಬಾವಿಕಟ್ಟೆ ಮನೆ ಅಜ್ಜಿಗೆ ಮೂರು ದಿನದಿಂದ ಮೀನು ಬೇಡವಂತೆ. ಬಾಗಿಲಲ್ಲೇ ನಿಂತು ಬೇಡ ಅಂದ್ರು. ನೀವೊಮ್ಮೆ ಹೋಗಿ ನೋಡಿ ಅಕ್ಕ." ನಾನು ಹೋದೆ. ಅಜ್ಜಿ ಜ್ವರದಲ್ಲಿ ನಡುಗುತ್ತಿದ್ದರು. ಮಕ್ಕಳಿಬ್ಬರೂ ಮುಂಬೈಯಲ್ಲಿ. ಇವರು ಫೋನಿನಲ್ಲಿ "ನಾನು ಚೆನ್ನಾಗಿದ್ದೇನೆ" ಅಂತಲೇ ಹೇಳುತ್ತಿದ್ದರಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಐದು ದಿನದಲ್ಲಿ ಮನೆಗೆ ಬಂದರು. ಮೀನಿನ ಅಕ್ಕ ನನಗೆ ಕೊಟ್ಟದ್ದು ಬರೀ ಸುದ್ದಿಯಲ್ಲ ಅಂತ ಆಗ ಹೊಳೆಯಲಿಲ್ಲ. ಅದು ಹೇಳಿಕೆ. ಹೋಗಿ ಅಂತ ಹೇಳಿದ್ದು.

ಭಜನಾ ಮಂದಿರದ ಬೋರ್ಡಿನ ಬಗ್ಗೆ ಹೇಳದಿದ್ದರೆ ನಮ್ಮ ಓಣಿಯ ಕಥೆ ಅರ್ಧವೇ.

ಮಂದಿರದ ಹೊರಗೋಡೆಯಲ್ಲಿ, ರಸ್ತೆಗೆ ಮುಖ ಮಾಡಿ, ಸಿಮೆಂಟಿಗೆ ಕಪ್ಪು ಬಣ್ಣ ಬಳಿದು ಮಾಡಿದ ಹಲಗೆ. ನಾಲ್ಕು ಅಡಿ ಉದ್ದ, ಮೂರಡಿ ಎತ್ತರ. ಸುತ್ತ ಬಿಳಿ ಪಟ್ಟಿ. ಅದರಲ್ಲಿ ಬರೆಯುತ್ತಿದ್ದವರು ನಿವೃತ್ತ ಮಾಸ್ಟ್ರು ಒಬ್ಬರು. ಬೆಳಿಗ್ಗೆ ಆರೂವರೆಗೆ ವಾಕಿಂಗ್ ಮುಗಿಸಿ ಬಂದು, ಮಂದಿರದ ನಲ್ಲಿಯಲ್ಲಿ ಬಟ್ಟೆ ಒದ್ದೆ ಮಾಡಿ, ನಿನ್ನೆಯದ್ದನ್ನು ಒರೆಸುತ್ತಿದ್ದರು. ಒರೆಸಿ ಕೂಡಲೇ ಬರೆಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಬೋರ್ಡು ಒಣಗುವವರೆಗೆ ಕಾಯುತ್ತಿದ್ದರು. ಒದ್ದೆ ಇರುವಾಗ ಬರೆದರೆ ಅಕ್ಷರ ಮೊದಲು ಕಾಣುವುದಿಲ್ಲ, ಒಣಗಿದ ಮೇಲೆ ಒರೆಸಿದರೂ ಹೋಗುವುದಿಲ್ಲ, ಇದು ನನಗೆ ಈಗ ಗೊತ್ತು. ಅವರ ಒತ್ತಕ್ಷರಗಳು ಗೆರೆ ಹಾಕಿದ ಹಾಗೆ ಒಂದೇ ಸಾಲಿನಲ್ಲಿ ಕೂರುತ್ತಿದ್ದವು.

ಹೆಚ್ಚೆಂದರೆ ಐದು ಸಾಲು. ನಾಳೆ ಹತ್ತರಿಂದ ಐದರವರೆಗೆ ಕರೆಂಟಿಲ್ಲ. ಶನಿವಾರ ಏಕಾಹ ಭಜನೆ, ರಾತ್ರಿ ಎರಡರಿಂದ ನಾಲ್ಕರ ಪಾಳಿಗೆ ಜನ ಕಮ್ಮಿ, ಹಾಡಲು ಬರುವವರು ಬನ್ನಿ. ಟೈಲರ್ ಕಾಕನ ಮಗಳ ನಿಖಾ, ಭಾನುವಾರ. ಮಣ್ಣಗುಡ್ಡೆಯ ಗುರ್ಜಿ ದೀಪೋತ್ಸವಕ್ಕೆ ಹೋಗುವವರು ಏಳಕ್ಕೆ ಮಂದಿರದ ಹತ್ತಿರ ಸೇರಿ. ರಥಸಪ್ತಮಿಗೆ ಕೊಡಿಯಾಲ್ ತೇರು, ರಥಬೀದಿ ಕಡೆ ಬಸ್ಸು ಸುತ್ತಿ ಹೋಗುತ್ತದೆ, ಬೇಗ ಹೊರಡಿ. ಸತ್ತವರ ಸುದ್ದಿ ಇದ್ದರೆ ಅದೊಂದೇ ಬರೆಯುತ್ತಿದ್ದರು, ಬೇರೇನೂ ಇಲ್ಲ. ಯಾರು, ಎಷ್ಟು ಹೊತ್ತಿಗೆ ಎತ್ತುವುದು, ಎಲ್ಲಿಗೆ.

ಒಮ್ಮೆ ಓಣಿಯ ಹುಡುಗರು, ಕ್ರಿಕೆಟ್ ವಿಶ್ವಕಪ್ ಸಮಯ, ದಿನಾ ಸ್ಕೋರು ಬರೆಯಿರಿ ಅಂತ ಕೇಳಿದ್ದರು. ಮಾಸ್ಟ್ರು ಬರೆಯಲಿಲ್ಲ. "ಅದು ಟಿವಿಯಲ್ಲಿ ಬರ್ತದೆ. ಇದು ಓಣಿಯ ಬೋರ್ಡು. ಕಾಲು ಹೋಗುವಷ್ಟು ದೂರದ್ದು ಮಾತ್ರ ಇಲ್ಲಿ." ಹುಡುಗರಿಗೆ ಬೇಸರವಾಯಿತು. ನನಗೂ ಆಗ ಇದು ಸುಮ್ನೆ ಹಟ ಅನಿಸಿತ್ತು.

ವರ್ಷಕ್ಕೆ ಒಂದು ದಿನ ಮಾತ್ರ ಆ ನಿಯಮ ಮುರಿಯುತ್ತಿದ್ದರು. ಜುಲೈ 1. ಅವತ್ತು ಮೇಲಿನ ಸಾಲಿನಲ್ಲಿ "ಇಂದು ಪತ್ರಿಕಾ ದಿನ" ಅಂತ ಇರುತ್ತಿತ್ತು. ಯಾಕೆ ಅಂತ ಕೇಳಿದವರಿಗೆ ಕಥೆ ಹೇಳುತ್ತಿದ್ದರು. 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ ಹೊರಬಂದದ್ದು ನಮ್ಮ ಊರಿನಿಂದ. ಹೊರತಂದವರು ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಪಾದ್ರಿ ಹರ್ಮನ್ ಮೊಗ್ಲಿಂಗ್. ಕಲ್ಲಚ್ಚಿನಲ್ಲಿ ಒತ್ತಿದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಅಂತ ಆಯಿತು. ಆದರೆ ಹುಟ್ಟಿದಾಗ ಅದರ ಹೆಸರು ಮಂಗಳೂರ ಸಮಾಚಾರ. ಮಾಸ್ಟ್ರು ಇಲ್ಲಿ ನಿಲ್ಲಿಸಿ ಎದುರಿನವರ ಮುಖ ನೋಡುತ್ತಿದ್ದರು. "ಗೊತ್ತಾಯ್ತಾ? ಕನ್ನಡದ ಮೊದಲ ಪತ್ರಿಕೆ ಕರ್ನಾಟಕದ ಹೆಸರಿನಲ್ಲಿ ಬರಲಿಲ್ಲ, ದೇಶದ ಹೆಸರಿನಲ್ಲಿ ಬರಲಿಲ್ಲ. ಒಂದು ಊರಿನ ಹೆಸರಿನಲ್ಲಿ ಬಂತು." ಊರ ವರ್ತಮಾನಕ್ಕೆ ಅದರಲ್ಲಿ ಜಾಗವಿತ್ತು ಅನ್ನುವಾಗ ಅವರ ದನಿ ಸ್ವಲ್ಪ ಏರುತ್ತಿತ್ತು.

ಈ ಊರಿಗೆ ಹಾಗೊಂದು ರೂಢಿ ಇದೆ ಅಂತ ನನಗೂ ಅನಿಸುತ್ತದೆ. ನವಭಾರತ ಪತ್ರಿಕೆ ನಿಂತು ಎಷ್ಟೋ ಕಾಲವಾಯಿತು, ಆದರೆ ಬಸ್ಸಿನವರು ಇವತ್ತಿಗೂ "ನವಭಾರತ ಸರ್ಕಲ್" ಅಂತ ಕೂಗುತ್ತಾರೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಓದಿಸುವ ರಾಕ್ಣೊ ವಾರಪತ್ರಿಕೆ 1938ರಿಂದ ಇದೆ. ಎದುರು ಮನೆಯ ಬಾಯಿ ಅದನ್ನು ಓದಿ ಮುಗಿಸಿ, ಮಡಚಿ, ಕಪಾಟಿನ ಮೇಲೆ ಜೋಡಿಸಿ ಇಡುತ್ತಿದ್ದರು. ಟೈಲರ್ ಕಾಕನ ಅಂಗಡಿಯಲ್ಲಿ ಇಡೀ ದಿನ ರೇಡಿಯೋ ಸಾರಂಗ್ ಹಾಡುತ್ತದೆ, 107.8. ಕಾಲೇಜಿನವರು ನಡೆಸುವ ಸಮುದಾಯ ರೇಡಿಯೋ ಅದು, ತುಳುವೂ ಬರುತ್ತದೆ, ಕೊಂಕಣಿಯೂ ಬರುತ್ತದೆ, ಕಾಕನ ಬ್ಯಾರಿ ಭಾಷೆಯೂ ಬರುತ್ತದೆ. ತನ್ನ ಮಾತು ರೇಡಿಯೋದಲ್ಲಿ ಬಂದರೆ ಹೊಲಿಗೆ ಮಿಶನ್ ತುಳಿಯುವುದನ್ನು ನಿಲ್ಲಿಸಿ ಕೇಳುತ್ತಾರೆ ಅವರು. ನಾನೇ ನೋಡಿದ್ದೇನೆ.

2018ರ ಮೇ 29ನ್ನು ಮಂಗಳೂರಿನವರು ಮರೆಯಲಿಕ್ಕಿಲ್ಲ. ಮಳೆಗಾಲ ಸರಿಯಾಗಿ ಶುರುವಾಗುವ ಮುಂಚೆಯೇ ಒಂದೇ ದಿನ ಆಕಾಶ ತೂತಾದ ಹಾಗೆ ಸುರಿಯಿತು. ಕೊಟ್ಟಾರ ಚೌಕಿಯಲ್ಲಿ ವಾಹನಗಳು ಮುಳುಗಿ ನಿಂತ ಚಿತ್ರ ಎಲ್ಲರೂ ನೋಡಿದ್ದೀರಿ. ನಮ್ಮ ಓಣಿಯ ಕೆಳಗಿನ ಮನೆಗಳಿಗೆ ಮಧ್ಯಾಹ್ನದೊಳಗೆ ನೀರು ನುಗ್ಗಿತು. ಕರೆಂಟು ಹೋಗಿತ್ತು, ಫೋನು ಹತ್ತುತ್ತಿರಲಿಲ್ಲ. ಬೋರ್ಡಿನ ಮೇಲೆ ಬೆಳಿಗ್ಗೆ ಬರೆದ ಐದೂ ಸಾಲು ಮಳೆಗೆ ಕರಗಿ ಬಿಳಿ ನೀರಾಗಿ ಗೋಡೆ ಇಳಿದಿತ್ತು. ಮಾಸ್ಟ್ರು ಮುರಿದ ಕೊಡೆಯೊಂದನ್ನು ಹಿಡಿದು, ಪಂಚೆ ಮೇಲೆ ಕಟ್ಟಿ, ಮನೆಯಿಂದ ಮನೆಗೆ ನಡೆದರು. ಪ್ರತಿ ಗೇಟಿನಲ್ಲಿ ನಿಂತು ಒಂದೇ ಮಾತು: "ಕೆಳಗಿನ ನಾಲ್ಕು ಮನೆಗೆ ನೀರು ಬಂದಿದೆ. ಬನ್ನಿ." ಒಂದು ಗಂಟೆಯೊಳಗೆ ಮೂವತ್ತು ಜನ ಅಲ್ಲಿದ್ದರು. ಅಕ್ಕಿ ಡಬ್ಬ, ಮಕ್ಕಳ ಪುಸ್ತಕ, ಹೊಲಿಗೆ ಮಿಶನ್ನು, ದೇವರ ಫೋಟೋ, ಎಲ್ಲ ಕೈಯಿಂದ ಕೈಗೆ ದಾಟಿ ಮಂದಿರದ ಜಗಲಿಗೆ ಬಂತು. ಬಾವಿಕಟ್ಟೆ ಅಜ್ಜಿಯನ್ನು ಪಕ್ಕದ ಮನೆಯ ಹುಡುಗ ಬೆನ್ನ ಮೇಲೆ ಹೊತ್ತು ತಂದ. ಅಜ್ಜಿ ಅವನ ಕುತ್ತಿಗೆ ತಬ್ಬಿಕೊಂಡೇ "ಬಾವಿಗೆ ಮುಚ್ಚಳ ಹಾಕಿದ್ರಾ?" ಅಂತ ಕೇಳುತ್ತಿದ್ದರು. ಅವರ ಬಾವಿಯ ನೀರು ಬೇಸಿಗೆಯಲ್ಲಿ ಅರ್ಧ ಓಣಿಗೆ ಆಗುತ್ತಿತ್ತು. ತುಂಬೆಯಲ್ಲಿ ನೀರು ಇಳಿದು ನಲ್ಲಿ ಎರಡು ದಿನಕ್ಕೊಮ್ಮೆ ಬರುವ ಮೇ ತಿಂಗಳಲ್ಲಿ ನಾವೆಲ್ಲ ಕೊಡ ಹಿಡಿದು ಅಲ್ಲಿಗೇ ಹೋಗುವುದು.

ಅದಾದ ಎರಡು ವರ್ಷಕ್ಕೆ ಮಾಸ್ಟ್ರು ತೀರಿಕೊಂಡರು. ಬೋರ್ಡಿನಲ್ಲಿ ಅವರ ಸಾವನ್ನು ಬರೆದವರು ಯಾರು ಅಂತ ನನಗೆ ನೆನಪಿಲ್ಲ. ಬಹುಶಃ ಯಾರೂ ಬರೆಯಲಿಲ್ಲ. ಅಷ್ಟರಲ್ಲಿ ಎಲ್ಲರ ಕೈಗೂ ವಾಟ್ಸಾಪ್ ಗ್ರೂಪ್ ಬಂದಿತ್ತು.

ಗ್ರೂಪನ್ನು ನಾನು ದೂರುವುದಿಲ್ಲ. ಅದನ್ನು ಮಾಡಿದವನು ನಮ್ಮ ಓಣಿಯ ಹುಡುಗ, ಈಗ ಅಬುಧಾಬಿಯಲ್ಲಿ ಕೆಲಸ. ಊರು ಬಿಟ್ಟು ಹೋದವನಿಗೆ ಊರಿನ ವಿಶೇಷ ಬೇಕು, ಅದಕ್ಕೇ ಮಾಡಿದ. ವಿಜಯದಶಮಿಯ ರಾತ್ರಿ ಕುದ್ರೋಳಿ ದೇವಸ್ಥಾನದ ದಸರಾ ಮೆರವಣಿಗೆ ಹೊರಟಾಗ ಅವನು ಅಲ್ಲಿ ನಿದ್ದೆ ಬಿಟ್ಟು ಕೂತಿರುತ್ತಾನೆ, ನಾವು ಮಣ್ಣಗುಡ್ಡೆಯಿಂದ ವಿಡಿಯೋ ಹಾಕುತ್ತೇವೆ. ರಕ್ತ ಬೇಕಾದಾಗ ಗ್ರೂಪಿನಿಂದ ಹತ್ತು ನಿಮಿಷದಲ್ಲಿ ಸಿಕ್ಕಿದೆ. ಕಳೆದುಹೋದ ನಾಯಿ ಸಿಕ್ಕಿದೆ. ಆದರೆ ದಿನಕ್ಕೆ ಇನ್ನೂರು ಮೆಸೇಜು ಬಂದರೆ ಕಣ್ಣು ಯಾವುದನ್ನೂ ಹಿಡಿದು ನಿಲ್ಲುವುದಿಲ್ಲ, ಅಲ್ವಾ?

ಇದೇ ಹೊತ್ತಿಗೆ ಓಣಿಯೂ ಬದಲಾಯಿತು. ಹಂಚಿನ ಮನೆಗಳು ಒಂದೊಂದಾಗಿ ಹೋದವು. ಮಂಗಳೂರು ಹಂಚು ಅಂತ ಎಲ್ಲೆಡೆ ಹೆಸರಾದದ್ದು ನಮ್ಮ ಊರಿನ ಮಣ್ಣು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಶುರು ಮಾಡಿದ ಕಾರ್ಖಾನೆಯಿಂದ ಹಿಡಿದು ಎಷ್ಟೋ ಹಂಚಿನ ಕಾರ್ಖಾನೆಗಳು ಇಲ್ಲಿದ್ದವು. ಈಗ ಆ ಹಂಚುಗಳು ಕೆಡವಿದ ಮನೆಗಳ ಮೂಲೆಯಲ್ಲಿ, ಪಾಚಿ ಹಿಡಿದು, ಒಂದರ ಮೇಲೊಂದು ಪೇರಿಸಿ ಮಾರಾಟಕ್ಕೆ ಕಾಯುತ್ತವೆ. ಆ ಜಾಗದಲ್ಲಿ ಫ್ಲ್ಯಾಟು ಬಂತು. ಫ್ಲ್ಯಾಟಿನಲ್ಲಿ ಒಳ್ಳೆಯ ಜನವೇ ಇದ್ದಾರೆ. ಆದರೆ ಗೇಟಿನಲ್ಲಿ ವಾಚ್‌ಮ್ಯಾನ್ ಕೂತಿರುತ್ತಾನೆ, ಹೇಳಿಕೆ ಮಾಡಲು ಹೋದವರು ಕಾಗದವನ್ನು ಅವನ ಕೈಗೆ ಕೊಟ್ಟು ಬರುತ್ತಾರೆ. ಮೀನಿನ ಅಕ್ಕ ಮಂಡಿ ನೋವಿನಿಂದ ಬರುವುದು ನಿಲ್ಲಿಸುವ ಮುಂಚೆ ಒಂದು ಮಾತು ಹೇಳಿದ್ದರು. "ಮೊದಲು ಹದಿನೆಂಟು ಮೆಟ್ಟಿಲಲ್ಲಿ ಇಳಿಸ್ತಿದ್ದೆ. ಈಗ ಆರು." ಲೆಕ್ಕ ಅವರಿಗೆ ಬೆರಳ ತುದಿಯಲ್ಲಿತ್ತು.

ಅವರು ನಿಂತ ಮೇಲೆ ನಾನೂ ಫೋನಿನಲ್ಲೇ ಮೀನು ತರಿಸುತ್ತೇನೆ. ಕ್ಲೀನ್ ಮಾಡಿ, ಕತ್ತರಿಸಿ, ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ತರುವ ಹುಡುಗ ಹಿಂದಿ ಮಾತಾಡುತ್ತಾನೆ, ಪಾಪ, ಅವನಿಗೆ ಹತ್ತು ಮನೆ ಸುತ್ತಬೇಕು. ಬಾವಿಕಟ್ಟೆ ಅಜ್ಜಿ ಮೂರು ದಿನದಿಂದ ಮೀನು ತೆಗೆದುಕೊಂಡಿಲ್ಲ ಅಂತ ಅವನು ನನಗೆ ಹೇಗೆ ಹೇಳಿಯಾನು?

ಹೋದ ವರ್ಷ ಜೂನ್ ತಿಂಗಳ ಒಂದು ರಾತ್ರಿ, ಒಂಬತ್ತೂ ನಲವತ್ತಕ್ಕೆ, ಗ್ರೂಪಿನಲ್ಲಿ ಒಂದು ಮೆಸೇಜು ಬಂತು. ಒಬ್ಬರ ಪೂರ್ತಿ ಹೆಸರು, ವಯಸ್ಸು 84, ದೈವಾಧೀನರಾದರು, ಓಂ ಶಾಂತಿ. ನಾನು ಹತ್ತು ಗಂಟೆಗೆ ನೋಡಿದೆ. ಆ ಹೆಸರು ನನಗೆ ಗೊತ್ತಿರಲಿಲ್ಲ. ಯಾರೋ ಗ್ರೂಪಿನವರ ಸಂಬಂಧಿ ಇರಬೇಕು ಅಂದುಕೊಂಡೆ. ಕೈಮುಗಿದ ಚಿತ್ರ ಒತ್ತಿದೆ. ಅದರ ಮೇಲೆ ಆಗಲೇ ನಲವತ್ತು ಕೈಮುಗಿದ ಚಿತ್ರಗಳಿದ್ದವು. ಫೋನು ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದೆ.

ಸಂಜೆ ಬರುವಾಗ ಟೈಲರ್ ಕಾಕ ಅಂಗಡಿಯಿಂದ ಕೈ ಮಾಡಿ ಕರೆದರು. "ನೀವು ಬೆಳಿಗ್ಗೆ ಬರಲಿಲ್ಲ?" ಅಂದರು. ಎಲ್ಲಿಗೆ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಅಜ್ಜಿ ಹೋದ್ರಲ್ಲ. ಬಾವಿಕಟ್ಟೆಯವರು."

ಆ ಪೂರ್ತಿ ಹೆಸರು ಅಜ್ಜಿಯದ್ದು. ಹುಟ್ಟಿದಾಗಿನಿಂದ ನಾನು ನೀರು ಸೇದಿದ ಬಾವಿಯ ಅಜ್ಜಿಗೆ ಒಂದು ಹೆಸರಿದೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮನೆಯಿಂದ ಅವರ ಮನೆಗೆ ನಾಲ್ಕು ಗೇಟು. ಬೋಳೂರು ಸ್ಮಶಾನಕ್ಕೆ ನಡೆದುಕೊಂಡೇ ಹೋಗಬಹುದು. ಮುಂಬೈಯಿಂದ ಬೆಳಿಗ್ಗೆ ಬಂದಿಳಿದ ಮಗ ಸೇರಿ ಎಂಟು ಜನ ಹೋಗಿದ್ದರಂತೆ. ಕಾಕನಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅವರು ಗ್ರೂಪಿನಲ್ಲಿ ಇಲ್ಲ. ಬೆಳಿಗ್ಗೆ ಅಂಗಡಿ ತೆರೆಯುವಾಗ ಅಜ್ಜಿಯ ಮನೆಯ ಹತ್ತಿರ ಆಂಬ್ಯುಲೆನ್ಸ್ ನಿಂತಿದ್ದು ಕಂಡು ಒಳಗೆ ಹೋಗಿ ಕೇಳಿದರು, ಅಷ್ಟೇ.

ಮಾಸ್ಟ್ರಾಗಿದ್ದರೆ ಬೋರ್ಡಿನಲ್ಲಿ "ಬಾವಿಕಟ್ಟೆ ಮನೆ ಅಜ್ಜಿ" ಅಂತ ಬರೆಯುತ್ತಿದ್ದರು. ಓಣಿಗೆ ಗೊತ್ತಿದ್ದ ಹೆಸರು ಅದು. ಎಷ್ಟು ಹೊತ್ತಿಗೆ, ಎಲ್ಲಿಗೆ, ಬನ್ನಿ ಅಂತ ಬರೆಯುತ್ತಿದ್ದರು. ಗ್ರೂಪಿನ ಆ ಮೆಸೇಜು ಮತ್ತೆ ತೆಗೆದು ಓದಿದೆ, ಎಷ್ಟೋ ಸಲ. ಅದರಲ್ಲಿ ತಪ್ಪು ಏನೂ ಇಲ್ಲ. ಹೆಸರು ಸರಿ, ವಯಸ್ಸು ಸರಿ. ಬನ್ನಿ ಅನ್ನುವುದೊಂದು ಇರಲಿಲ್ಲ. ನಾನೂ ಕೇಳಲಿಲ್ಲ, ಇದು ಯಾರು ಅಂತ ಒಂದು ಸಾಲು ಕೇಳಬಹುದಿತ್ತು. ಆ ರಾತ್ರಿ ಒತ್ತಿದ ಕೈಮುಗಿದ ಚಿತ್ರ ಈಗಲೂ ಅಲ್ಲೇ ಇದೆ. ನನಗೆ ಅದನ್ನು ನೋಡಿದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಉತ್ತರಕ್ರಿಯೆಯ ಕಾಗದವನ್ನು ಅಜ್ಜಿಯ ಮಗ ಮನೆಗೆ ಬಂದು ಕೊಟ್ಟರು. ಸಾವಿನ ಕಾಗದ ಓದಿದ ಮೇಲೆ ಮನೆಯೊಳಗೆ ಇಡಬಾರದು ಅಂತ ಅಮ್ಮ ಹರಿದು ಹಾಕುತ್ತಿದ್ದರು. ನಾನು ಹರಿಯಲಿಲ್ಲ. ಅದರಲ್ಲಿ ಅಜ್ಜಿಯ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಉತ್ತರಕ್ರಿಯೆಗೆ ಓಣಿ ಪೂರ್ತಿ ಹೋಗಿತ್ತು, ಅದು ಬೇರೆ ಮಾತು.

ಅದಾದ ಮರುವಾರ ಮಂದಿರದವರನ್ನು ಬೋರ್ಡಿನ ಬಗ್ಗೆ ಕೇಳಿದೆ. ಬೋರ್ಡು ಇತ್ತು. ಅದರ ಮೇಲೆ ಯಾವುದೋ ಹಳೆಯ ಕಾರ್ಯಕ್ರಮದ ಫ್ಲೆಕ್ಸು, ಮೂಲೆಗೆ ಮೊಳೆ ಹೊಡೆದು. ಫ್ಲೆಕ್ಸು ತೆಗೆದಾಗ ಅಡಿಯಲ್ಲಿ ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತುಬಂದಿತ್ತು, ಹಲ್ಲಿಯ ಮೊಟ್ಟೆ ಇತ್ತು, ಕೆಳಗಿನ ಮೂಲೆಯಲ್ಲಿ ಮಾಸ್ಟ್ರ ಕೈಬರಹದ ಒಂದು "ಬನ್ನಿ" ಮಬ್ಬಾಗಿ ಉಳಿದಿತ್ತು. ಒದ್ದೆ ಬೋರ್ಡಿನಲ್ಲಿ ಬರೆದದ್ದಿರಬೇಕು, ಅವರೂ ಒಂದು ದಿನ ಅವಸರದಲ್ಲಿದ್ದರೋ ಏನೋ. ಬಣ್ಣ ಬಳಿಯುವಾಗ ಆ ಮೂಲೆಯನ್ನು ಬಿಟ್ಟಿದ್ದೇವೆ.

ಈಗ ಮೂರು ಜನ ಬರೆಯುತ್ತೇವೆ. ನಾನು, ಟೈಲರ್ ಕಾಕ, ಫ್ಲ್ಯಾಟಿನಲ್ಲಿರುವ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು. ಸಿಮೆಂಟಿನ ಮೇಲೆ ಚಾಕ್‌ಪೀಸು ಬೇಗ ಸವೆಯುತ್ತದೆ, ಒತ್ತಿದರೆ ಮುರಿಯುತ್ತದೆ. ನನ್ನ ಸಾಲು ಬಲಕ್ಕೆ ಹೋದ ಹಾಗೆ ಕೆಳಗಿಳಿಯುತ್ತದೆ. ಕಾಕ ಹೊಲಿಗೆಯ ನೂಲು ಹಿಡಿದು, ಅದಕ್ಕೆ ಚಾಕ್ ಉಜ್ಜಿ, ಮೀಟಿ ಗೆರೆ ಹಾಕಿಕೊಡುತ್ತಾರೆ, ಬಟ್ಟೆಗೆ ಹಾಕುವ ಹಾಗೆಯೇ. ಹುಡುಗಿ ಬರೆದದ್ದನ್ನು ಫೋಟೋ ತೆಗೆದು ಗ್ರೂಪಿಗೂ ಹಾಕುತ್ತಾಳೆ, ಹಾಕಲಿ, ಒಳ್ಳೆಯದೇ. ಅವಳಿಂದಾಗಿ ಫ್ಲ್ಯಾಟಿನ ನಾಲ್ಕೈದು ಮನೆಯವರು ಬೆಳಿಗ್ಗೆ ಹಾಲಿಗೆ ಬಂದವರು ಬೋರ್ಡಿನ ಎದುರು ನಿಲ್ಲುತ್ತಾರೆ. ಒಬ್ಬರು ನಾಯಕರ ಹುಟ್ಟುಹಬ್ಬ ಬರೆಯಲು ಕೇಳಿದರು, ಬರೆಯಲಿಲ್ಲ, ಸ್ವಲ್ಪ ಮನಸ್ತಾಪವಾಯಿತು. ಕೆಲವು ವಾರ ಬರೆಯಲು ಏನೂ ಇರುವುದಿಲ್ಲ, ಬೋರ್ಡು ಖಾಲಿ ಇರುತ್ತದೆ. ಖಾಲಿ ಇದ್ದರೆ ಮೀನಿನ ಅಕ್ಕನ ಮನೆಗೆ ಹೋಗಿ ಬರುತ್ತೇನೆ. ಅವರು ಹೊರಗೆ ಬರುವುದಿಲ್ಲ, ಆದರೂ ಯಾವ ಮನೆಯಲ್ಲಿ ಏನು 'ವಿಶೇಷ' ಅಂತ ಅವರಿಗೇ ಮೊದಲು ಗೊತ್ತಿರುತ್ತದೆ.

ಕಳೆದ ನವರಾತ್ರಿಗೆ ಬರೆದ ಸಾಲು ಹೀಗಿತ್ತು: "ವಿಜಯದಶಮಿ ಸಂಜೆ ಮಣ್ಣಗುಡ್ಡೆಯಲ್ಲಿ ಮೆರವಣಿಗೆಯವರಿಗೆ ನೀರು ಕೊಡಲು ಹತ್ತು ಜನ ಬೇಕು." ಕುದ್ರೋಳಿ ಗೋಕರ್ಣನಾಥನನ್ನು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು, ದೇವಸ್ಥಾನಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಆ ಜನರಿಗಾಗಿ. ಅಲ್ಲಿಂದ ಹೊರಟ ಶಾರದೆ, ನವದುರ್ಗೆಯರು ಊರು ಸುತ್ತಿ, ಹಂಪನಕಟ್ಟೆ, ರಥಬೀದಿ ದಾಟಿ, ಮರುದಿನ ಬೆಳಿಗ್ಗೆ ಮತ್ತೆ ಕುದ್ರೋಳಿಗೆ ಬಂದು ದೇವಸ್ಥಾನದ ಕೆರೆಯಲ್ಲಿ ಇಳಿಯುತ್ತಾರೆ. ಆ ರಾತ್ರಿ ಹುಲಿಗಳಿಗೆ ಬಾಯಾರಿಕೆ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದವರಿಗೇ ಗೊತ್ತು. ಮೈಯೆಲ್ಲ ಬಣ್ಣ, ಚರ್ಮಕ್ಕೆ ಗಾಳಿ ಆಡುವುದಿಲ್ಲ. ಲೋಟ ಹಿಡಿದುಕೊಳ್ಳಲೂ ಆಗದೆ ಬಾಯಿ ತೆರೆದು ನಿಲ್ಲುತ್ತಾರೆ, ನಾವು ಮೇಲಿಂದ ಹೊಯ್ಯಬೇಕು. ನಾನು ನೀರು ಹೊಯ್ದ ಒಂದು ಹುಲಿ, ಹದಿನಾರು ಹದಿನೇಳರ ಹುಡುಗ, ಕುಡಿದು ಮುಗಿಸಿ "ಥ್ಯಾಂಕ್ಸ್ ಆಂಟಿ" ಅಂದು ತಕ್ಷಣ ತಾಸೆಗೆ ಹೆಜ್ಜೆ ಹಾಕಿದ. ಹತ್ತು ಜನ ಕೇಳಿದ್ದೆವು. ಇಪ್ಪತ್ತಮೂರು ಜನ ಬಂದಿದ್ದರು. ಫ್ಲ್ಯಾಟಿನವರು ಏಳು.

ಈ ವಾರ ಬೋರ್ಡಿನಲ್ಲಿ ಎರಡೇ ಸಾಲಿದೆ. ಆಗಸ್ಟ್ 1 ಕಳೆಯಿತು, ಬೋಟುಗಳು ಇಳಿದಿವೆ, ಧಕ್ಕೆಯಲ್ಲಿ ಮತ್ತೆ ಗದ್ದಲ. ಇನ್ನು ಶ್ರಾವಣದ ನೂಲ ಹುಣ್ಣಿಮೆ. ಮೊಗವೀರರು ತಣ್ಣೀರುಬಾವಿಯಲ್ಲಿ ಕಡಲಿಗೆ ಹಾಲು, ತೆಂಗಿನಕಾಯಿ, ಹೂ ಕೊಡುವ ದಿನ. ಓಣಿಯ ಅರ್ಧ ಮನೆಯವರು ಹೇಗೂ ಅಲ್ಲಿರುತ್ತಾರೆ, ಉಳಿದವರೂ ಹೋಗುವುದು ಅಂತ ಮಾತಾಗಿದೆ. ಮೀನಿನ ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತೇವೆ, ಅವರು ಒಪ್ಪಿದ್ದಾರೆ. ಹೊಳೆಯಲ್ಲಿ ಸೆಳೆತ ಕಮ್ಮಿ ಇದ್ದು ದೋಣಿ ಬಿಟ್ಟರೆ ನಾವು ದೋಣಿಯಲ್ಲಿ, ಇಲ್ಲದಿದ್ದರೆ ಎಲ್ಲರೂ ಕೂಳೂರು ಸುತ್ತಿ. ಬೆಳಿಗ್ಗೆ ಏಳಕ್ಕೆ ಬತ್ತೇರಿಯ ಕೆಳಗೆ ಇರುತ್ತೇವೆ. ನೀವೂ ಬನ್ನಿ.